ಇಂಬಳ ಹೋದ ಮೇಲೆ ಬರುವ ಉಣುಗು

ಮಳೆಗಾಲದಲ್ಲಿ ಮಲೆನಾಡಿಗೆ ಹೊರಡುವವರು ಮೊದಲು ಕೇಳುವುದು ಇಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ. ಆಗುಂಬೆಗೋ ಕುಮಾರಪರ್ವತಕ್ಕೋ ಹೊರಡುವ ಮೊದಲೇ ಉಪ್ಪು, ಹೊಗೆಸೊಪ್ಪು, ಸುಣ್ಣ, ಮೊಣಕಾಲಿನವರೆಗೆ ಏರಿಸಿ ಕಟ್ಟುವ ಬಟ್ಟೆಯ ಕಾಲುಚೀಲ ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ಕಾಡಿನೊಳಗೆ ಹತ್ತು ಹೆಜ್ಜೆಗೊಮ್ಮೆ ನಿಂತು ಕಾಲು ನೋಡಿಕೊಳ್ಳುತ್ತಾರೆ. ಇಂಬಳ ಕಚ್ಚಿದ ಕಡೆ ರಕ್ತ ಹರಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ಭಯವೂ ದೊಡ್ಡದು. ಆದರೆ ದೀಪಾವಳಿ ಕಳೆದು ನೆಲ ಒಣಗಿ, ಇಂಬಳ ಕಾಣದಾಗಿ, ಬೆಳಗಿನ ಮಂಜು ಇಳಿಯತೊಡಗಿದಾಗ ಈ ಎಚ್ಚರವೆಲ್ಲ ಸಡಿಲವಾಗುತ್ತದೆ. ಡಿಸೆಂಬರಿನ ರಜೆ, ಸಂಕ್ರಾಂತಿ, ಗಣರಾಜ್ಯೋತ್ಸವದ ಆಸುಪಾಸಿನ ವಾರಾಂತ್ಯಗಳಲ್ಲಿ ಕೊಡಚಾದ್ರಿ, ಕವಲೇದುರ್ಗ, ಜೋಗ, ಯಾಣಗಳ ದಾರಿಯಲ್ಲಿ ಜನ ಚಡ್ಡಿ ಚಪ್ಪಲಿಯಲ್ಲೇ ಓಡಾಡುತ್ತಾರೆ. ಮಂಗನ ಕಾಯಿಲೆಯ ಹೊಸ ಪ್ರಕರಣಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗುವುದೂ ಹೆಚ್ಚುಕಡಿಮೆ ಇದೇ ವಾರಗಳಲ್ಲಿ.

ನಾನು ಮಲೆನಾಡಿನಲ್ಲಿ ಬೆಳೆದು ಈಗ ಬೆಂಗಳೂರಿನಲ್ಲಿ ದುಡಿಯುತ್ತಿರುವವನು. ಆದ್ದರಿಂದ ಪ್ರತಿ ಜನವರಿಯಲ್ಲೂ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತದೆ: ನಿಮ್ಮ ಕಡೆ ಏನೋ ಮಂಗನ ಜ್ವರವಂತೆ, ನಾವು ಬರಬಹುದೇ, ಬೇಡವೇ? ಬನ್ನಿ ಎಂದೇ ನಾನು ಹೇಳುತ್ತೇನೆ. ಆದರೆ ಕಾಡಿಗೆ ಹೋಗುವ ಮುಂಚಿನ ತಯಾರಿಗಿಂತ ಕಾಡಿನಿಂದ ಮರಳಿದ ಮೇಲಿನ ಎರಡು ವಾರಗಳ ಬಗ್ಗೆ ಹೆಚ್ಚು ಯೋಚಿಸಿ ಎಂಬ ಮಾತನ್ನೂ ಸೇರಿಸುತ್ತೇನೆ. ಈ ಮಾತನ್ನು ಫೋನಿನಲ್ಲಿ ಪೂರ್ತಿಯಾಗಿ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆ ಹರಡುವುದು ಉಣುಗಿನಿಂದ. ದನದ ಕಿವಿಯಲ್ಲಿ, ಕೆಚ್ಚಲಿನ ಹತ್ತಿರ, ನಾಯಿಯ ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ದಪ್ಪಗಾಗಿ ಅಂಟಿಕೊಂಡಿರುವ ಬೂದು ಬಣ್ಣದ ಉಣ್ಣೆಯನ್ನು ಹಳ್ಳಿಯಲ್ಲಿ ಬೆಳೆದ ಎಲ್ಲರೂ ಕಂಡಿರುತ್ತಾರೆ. ಆದರೆ ಮನುಷ್ಯರಿಗೆ ಅಪಾಯ ತರುವುದು ಹೆಚ್ಚಾಗಿ ಆ ದಪ್ಪ ಉಣ್ಣೆಯಲ್ಲ, ಅದರ ಮರಿ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಈ ರೋಗದ ಮುಖ್ಯ ವಾಹಕ. ಅದರ ಪ್ರಾಯದ ಉಣುಗುಗಳು ಮಳೆಗಾಲದಲ್ಲಿ ದನ, ಕಡವೆ, ಕಾಟಿಗಳಂಥ ದೊಡ್ಡ ಪ್ರಾಣಿಗಳ ಮೈಮೇಲೆ ರಕ್ತ ಹೀರಿ, ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ರಾಶಿ ರಾಶಿ ಮೊಟ್ಟೆ ಇಡುತ್ತವೆ. ಮಳೆ ಕಡಿಮೆಯಾದ ಮೇಲೆ ಅವು ಒಡೆದು ಆರು ಕಾಲಿನ ಲಾರ್ವಾಗಳು ಹೊರಬಂದು, ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳ ಮೈಗೆ ಹತ್ತಿ ಒಂದು ಸಲ ರಕ್ತ ಕುಡಿದು ಮತ್ತೆ ನೆಲಕ್ಕೆ ಬಿದ್ದು ಪೊರೆ ಕಳಚುತ್ತವೆ. ಆಗ ಎಂಟು ಕಾಲಿನ ನಿಂಫ್ ಹುಟ್ಟುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ನೆಲದಲ್ಲಿ ಕಾದು ಕೂತಿರುವುದು ಇದೇ. ಲಾರ್ವಾ ಕುಡಿದ ರಕ್ತದಲ್ಲಿ ವೈರಾಣು ಇದ್ದರೆ, ಪೊರೆ ಕಳಚಿದ ನಂತರವೂ ಅದು ಉಣುಗಿನ ಮೈಯಲ್ಲಿ ಉಳಿಯುತ್ತದೆ. ಮುಂದಿನ ಊಟಕ್ಕೆ ನಿಂಫ್ ಆರಿಸಿಕೊಂಡ ಪ್ರಾಣಿ ಮನುಷ್ಯನಾದರೆ ಅದು ಅವನಿಗೆ ದಾಟುತ್ತದೆ. ಉಣುಗಿನ ಲೆಕ್ಕದಲ್ಲಿ ನಾವು ಆಕಸ್ಮಿಕ ಅತಿಥಿಗಳು, ವೈರಾಣುವಿನ ಲೆಕ್ಕದಲ್ಲಿ ದಾರಿಯ ಕೊನೆ: ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ.

ಒಮ್ಮೆ ಆರೋಗ್ಯ ಇಲಾಖೆಯ ಸಿಬ್ಬಂದಿ ಕಾಡಂಚಿನಲ್ಲಿ ಉಣುಗು ಹಿಡಿಯುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೆ. ಕೋಲಿಗೆ ಕಟ್ಟಿದ ಬಿಳಿ ಫ್ಲಾನಲ್ ಬಟ್ಟೆಯೊಂದನ್ನು ತರಗೆಲೆಯ ಮೇಲೆ, ಕಾಲುದಾರಿಯ ಇಕ್ಕೆಲದ ಕುರುಚಲು ಗಿಡಗಳ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಿ, ಸ್ವಲ್ಪ ದೂರದ ನಂತರ ತಿರುಗಿಸಿ ನೆಲಕ್ಕೆ ಹರಡಿದರು. ನನಗೆ ಮೊದಲು ಏನೂ ಕಾಣಲಿಲ್ಲ. ಒಂದಷ್ಟು ಧೂಳು, ಹುಲ್ಲಿನ ಚೂರು, ಒಣಗಿದ ಎಲೆಯ ಪುಡಿ. ಅವರು ಚಿಮಟದ ತುದಿಯಿಂದ ತೋರಿಸಿದ ಮೇಲೆ ನೋಡಿದರೆ ಧೂಳಿನಲ್ಲಿ ಕೆಲವು ಕಣಗಳು ನಡೆಯುತ್ತಿದ್ದವು. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ, ಕಂದು ಬಣ್ಣದ, ಚಪ್ಪಟೆ ದೇಹದ ಅವನ್ನು ಒಂದೊಂದಾಗಿ ಎತ್ತಿ ಸಣ್ಣ ಗಾಜಿನ ನಳಿಕೆಗೆ ಹಾಕಿ, ಮೇಲೆ ಜಾಗದ ಹೆಸರು, ತಾರೀಖು ಬರೆದರು. ಹೀಗೆ ಸಂಗ್ರಹಿಸಿದವನ್ನು ಗುಂಪು ಗುಂಪಾಗಿ ಪರೀಕ್ಷಿಸಿ ಯಾವ ಕಾಡಿನಲ್ಲಿ ವೈರಾಣು ಓಡಾಡುತ್ತಿದೆ ಎಂದು ಕಂಡುಕೊಳ್ಳುತ್ತಾರೆ. ಅಂದು ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಬಿಳಿ ಬಟ್ಟೆಯ ಮೇಲೆಯೇ ಕಾಣದ ಈ ಜೀವಿ ಕಪ್ಪು ಜೀನ್ಸಿನ ಮೇಲೆ ಹತ್ತಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ, ಮರದಿಂದ ತಲೆಯ ಮೇಲೆ ಉದುರಲೆಂದು ಕಾಯುವುದೂ ಇಲ್ಲ. ತರಗೆಲೆಯ ಅಂಚಿನಲ್ಲೋ ಹುಲ್ಲಿನ ತುದಿಯಲ್ಲೋ ಮುಂಗಾಲು ಚಾಚಿ ಕೂತಿರುತ್ತದೆ. ಹತ್ತಿರ ಬಂದ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸಿಯನ್ನು ಆ ಮುಂಗಾಲಿನಲ್ಲಿರುವ ಅಂಗದಿಂದ ಗ್ರಹಿಸಿ, ತಾಗಿದ್ದನ್ನು ಹಿಡಿದುಕೊಳ್ಳುತ್ತದೆ.

ಮಂಗನ ಕಾಯಿಲೆಗೆ ವೈದ್ಯರು ಹೇಳುವ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್; ಆ ಹೆಸರಿನಲ್ಲಿರುವ ಕ್ಯಾಸನೂರು ಸೊರಬ ತಾಲ್ಲೂಕಿನ ಕಾಡು. 1957ರಲ್ಲಿ ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಮಂಗಗಳು ಸಾಲುಸಾಲಾಗಿ ಸತ್ತವು, ಜೊತೆಗೆ ಜನರಿಗೂ ವಿಚಿತ್ರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂಬ ಆತಂಕದಿಂದಲೇ ಇಲ್ಲಿಗೆ ಧಾವಿಸಿದ್ದರು, ಏಕೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮನುಷ್ಯರನ್ನೂ ಮಂಗಗಳನ್ನೂ ಕಾಡುವ ರೋಗವೆಂದರೆ ಅದೇ. ಆ ಕೇಂದ್ರದ ವಿಜ್ಞಾನಿಗಳಾದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಾಣುವಿನ ಬಳಗಕ್ಕೆ ಅದು ಸೇರಿತ್ತು. ಹಾಗಾದರೆ ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳ ಮೈಯಲ್ಲಿ ಉಣುಗು ಬಂದಿರಬಹುದೇ ಎಂಬ ಪ್ರಶ್ನೆ ಎದ್ದು, ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ದೊಡ್ಡ ಪ್ರಮಾಣದ ಹಕ್ಕಿ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬಂದಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ, ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ತಿಳಿವಳಿಕೆಯ ಒಂದು ಭಾಗ ಸೊರಬದ ಮಂಗಗಳ ಸಾವಿಗೆ ಋಣಿಯಾಗಿದೆ.

ಬಹಳ ಕಾಲ ಇದು ಶಿವಮೊಗ್ಗ, ಉತ್ತರ ಕನ್ನಡದ ಕೆಲವು ತಾಲ್ಲೂಕುಗಳ ತಲೆನೋವು ಎಂದೇ ರಾಜ್ಯ ಭಾವಿಸಿತ್ತು. 1982ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರುತೋಟಕ್ಕಾಗಿ ಕಾಡು ಕಡಿದ ಮೇಲೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಾಗ, ಕಾಡಿನ ಅಂಚು ಕದಡಿದಲ್ಲೆಲ್ಲ ಇದು ಹೊರಬರಬಹುದು ಎಂಬುದು ಗೊತ್ತಾಯಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಯಲ್ಲಿ ತೊಡಗಿದ್ದ ಅರಣ್ಯ ಕೆಲಸಗಾರರಿಗೆ ಕಾಯಿಲೆ ಬಂದಿತು; ಅದರ ಬೆನ್ನಿಗೇ ನೀಲಗಿರಿ, ವಯನಾಡು, ಮಲಪ್ಪುರಂನಿಂದ ಸುದ್ದಿ ಬಂದಿತು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕು, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ ಈ ಪಟ್ಟಿಗೆ ಸೇರಿದವು. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಎಂಬ ಪುಟ್ಟ ಊರು ಸಾವುಗಳ ಮೇಲೆ ಸಾವು ಕಂಡಿತು. ಅರಳಗೋಡು ಇರುವುದು ಶರಾವತಿ ಕಣಿವೆಯಲ್ಲಿ, ಜೋಗಕ್ಕೆ ದೂರವೇನಲ್ಲ. ಈ ಊರುಗಳ ಹೆಸರನ್ನೂ ಪ್ರವಾಸೋದ್ಯಮದ ನಕ್ಷೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡೂ ಒಂದರ ಮೇಲೊಂದು ಕೂತುಕೊಳ್ಳುತ್ತವೆ: ಪಶ್ಚಿಮಘಟ್ಟದಲ್ಲಿ ಜನ ನೋಡಲು ಹೋಗುವ ಕಾಡು ಮತ್ತು ಉಣುಗಿನ ಕಾಡು ಬೇರೆ ಬೇರೆಯಲ್ಲ.

ಇಷ್ಟು ಹೇಳಿದ ಮೇಲೆ ಅಪಾಯದ ಗಾತ್ರವನ್ನೂ ಸರಿಯಾಗಿ ಹೇಳಬೇಕು, ಇಲ್ಲವಾದರೆ ಓದಿದವರು ಮಲೆನಾಡಿನ ಹೆಸರು ಕೇಳಿದರೇ ಬೆಚ್ಚುತ್ತಾರೆ. ವರ್ಷಕ್ಕೆ ಸರಾಸರಿ 400ರಿಂದ 500 ಪ್ರಕರಣಗಳು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ವರ್ಷದಿಂದ ವರ್ಷಕ್ಕೆ ಇದು ಬಹಳ ಏರಿಳಿಯುತ್ತದೆ. ಸೋಂಕು ತಗುಲಿದವರಲ್ಲಿ ಸಾಯುವವರು ನೂರಕ್ಕೆ 3ರಿಂದ 5 ಜನ. ಕಾಯಿಲೆ ಬಿದ್ದವರಲ್ಲಿ ಬಹುಪಾಲು ಜನ ಅಲ್ಲಿನ ನಿವಾಸಿಗಳು: ಕೊಟ್ಟಿಗೆಗೆ ದರಗು, ಅಂದರೆ ಒಣ ತರಗೆಲೆ, ಗುಡಿಸಿ ತರುವವರು, ಸೊಪ್ಪು ತರಲು ಸೊಪ್ಪಿನಬೆಟ್ಟಕ್ಕೆ ಹೋಗುವವರು, ಸೌದೆ ಆರಿಸುವವರು, ದನ ಮೇಯಿಸುವವರು, ಅಡಿಕೆ ತೋಟದ ಕೆಲಸದವರು, ಅರಣ್ಯ ಇಲಾಖೆಯ ಕಾವಲುಗಾರರು. ಅವರು ದಿನವೂ, ಗಂಟೆಗಟ್ಟಲೆ, ಬಗ್ಗಿ ಕೂತು, ಬರಿಗೈಯಲ್ಲಿ ಅದೇ ತರಗೆಲೆಯನ್ನು ಮುಟ್ಟುತ್ತಾರೆ. ಎರಡು ದಿನಕ್ಕೆ ಬಂದುಹೋಗುವ ಪ್ರವಾಸಿಗೆ ಆ ಮಟ್ಟದ ಅಪಾಯ ಇಲ್ಲ. ಎಲ್ಲ ಉಣುಗಿನಲ್ಲಿಯೂ ವೈರಾಣು ಇರುವುದಿಲ್ಲ, ಎಲ್ಲ ಕಾಡಿನಲ್ಲಿಯೂ ಪ್ರತಿ ವರ್ಷ ರೋಗ ಏಳುವುದಿಲ್ಲ. ಜೋಗದ ಕಟ್ಟೆಯ ಮೇಲೆ ನಿಂತು ಜಲಪಾತ ನೋಡಿ, ಮಂಡಕ್ಕಿ ತಿಂದು ಬಸ್ಸು ಹತ್ತುವವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿದರೂ ಅಡ್ಡಿಯಿಲ್ಲ. ನಾನು ಮಾತನಾಡುತ್ತಿರುವುದು ಕಾಲುದಾರಿ ಬಿಟ್ಟು ಕಾಡಿಗೆ ಇಳಿಯುವವರ, ತರಗೆಲೆಯ ಮೇಲೆ ಚಾಪೆ ಹಾಸಿ ಮಲಗುವವರ, ಹಿನ್ನೀರಿನ ಬದಿಯಲ್ಲಿ ಗುಡಾರ ಹೂಡುವವರ, ಸಾಕುನಾಯಿಯನ್ನೂ ಕರೆತಂದು ಕಾಡಿನಲ್ಲಿ ಓಡಲು ಬಿಡುವವರ ಜೊತೆ. ಈ ಕೊನೆಯವರು ವಿಶೇಷವಾಗಿ ಕೇಳಬೇಕು, ಏಕೆಂದರೆ ನಾಯಿಯ ರೋಮದಲ್ಲಿ ಕೂತ ಉಣುಗು ಗುಡಾರದೊಳಗೂ ಕಾರಿನ ಸೀಟಿಗೂ ಬರುತ್ತದೆ.

ತಡೆಯುವ ಕ್ರಮಗಳು ಸರಳವಾದವು, ಮತ್ತು ಅವುಗಳಲ್ಲಿ ಅರ್ಧದಷ್ಟು ಚಾರಣಿಗರ ಬೀರುವಿನಲ್ಲಿಯೇ ಇವೆ. ಮಳೆಗಾಲ ಮುಗಿಯಿತೆಂದು ತೊಳೆದು ಮಡಿಸಿಟ್ಟ ಇಂಬಳದ ಕಾಲುಚೀಲವನ್ನು ಜನವರಿಯಲ್ಲಿ ಮತ್ತೆ ತೆಗೆಯಿರಿ; ಒತ್ತಾಗಿ ನೇಯ್ದ, ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಬರುವ ಆ ಚೀಲ ಉಣುಗಿಗೂ ಅಷ್ಟೇ ಒಳ್ಳೆಯ ತಡೆ, ನನ್ನ ಮಟ್ಟಿಗಂತೂ ಅದು ಬೇಸಗೆಯಲ್ಲಿ ಇನ್ನೂ ಹೆಚ್ಚು ಉಪಯುಕ್ತ. ತಿಳಿ ಬಣ್ಣದ ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗುವುದು ಅಲ್ಲಿನವರ ರೂಢಿ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಡೇಪಾ ಊರಿನವರಿಗಾಗಿ ಇರುವುದು, ಪ್ರವಾಸಿಗರು ಅವರ ಪಾಲಿಗೆ ಕೈಹಾಕದೆ ಔಷಧಿ ಅಂಗಡಿಯಲ್ಲಿ ಸಿಗುವ ಡೀಟ್ ಇರುವ ಲೇಪವನ್ನು ಕೊಂಡು ತರುವುದು ಸರಿ. ಕಾಲುದಾರಿಯ ನಡುವೆ ನಡೆಯಿರಿ, ಅಂಚಿನ ಹುಲ್ಲಿಗೆ ಮೈ ತಾಗಿಸಬೇಡಿ, ಕೂರುವುದಾದರೆ ಬಂಡೆಯ ಮೇಲೆ ಕೂರಿ, ಬೆನ್ನಚೀಲವನ್ನು ದರಗಿನ ಮೇಲೆ ಇಡಬೇಡಿ.

ತಂಗುವಲ್ಲಿಗೆ ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು. ಸ್ನಾನ ಮಾಡುವಾಗ ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ಹೊಕ್ಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗವನ್ನು ಬೆರಳಿನಿಂದ ತಡವಿ ನೋಡಬೇಕು, ಏಕೆಂದರೆ ಉಣುಗು ಕಚ್ಚುವಾಗ ನೋವಾಗುವುದಿಲ್ಲ. ಅದರ ಜೊಲ್ಲಿನಲ್ಲಿ ನೋವು, ತುರಿಕೆಯನ್ನು ತಗ್ಗಿಸುವ ಅಂಶಗಳಿರುತ್ತವೆ. ಕಚ್ಚಿಕೊಂಡ ಉಣುಗು ಸಿಕ್ಕರೆ ಸೀಮೆಎಣ್ಣೆ ಸುರಿಯುವುದು, ಸುಣ್ಣ ಮೆತ್ತುವುದು, ಊದುಬತ್ತಿಯ ತುದಿ ತಾಗಿಸುವುದು ಇವೆಲ್ಲ ಹಳೆಯ ಪದ್ಧತಿಗಳು. ಹೀಗೆ ಹಿಂಸೆಗೊಳಗಾದ ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ಗಾಯದೊಳಗೆ ಕಕ್ಕುವ ಸಂಭವ ಇರುವುದರಿಂದ ಇವನ್ನು ಬಿಡುವುದೇ ಮೇಲು. ತುದಿ ಚೂಪಾದ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ಎಳೆತವನ್ನು ಸಡಿಲಿಸದೆ ನೇರವಾಗಿ ಮೇಲಕ್ಕೆತ್ತಿ, ಆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಉಗುರಿನಿಂದ ಚಿವುಟಿ ಹಿಚುಕಬಾರದು. ಹಿಚುಕಿದ ಉಣುಗಿನ ರಸ ಬೆರಳಿನ ಗಾಯಕ್ಕೆ ತಾಗುವುದೂ ಬೇಡ.

ಲಸಿಕೆಯ ವಿಷಯದಲ್ಲಿ ಹೆಚ್ಚು ಹೇಳಲು ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು 1990ರಿಂದ ರೋಗಪೀಡಿತ ಪ್ರದೇಶದ ಜನರಿಗೆ ಕೊಡುತ್ತಿದ್ದರು. ಎರಡು ಡೋಸು, ಆಮೇಲೆ ಕೆಲವು ತಿಂಗಳಿಗೆ ಬೂಸ್ಟರ್, ನಂತರ ವರ್ಷಕ್ಕೊಂದರಂತೆ ಐದು ವರ್ಷ ತೆಗೆದುಕೊಳ್ಳಬೇಕಿತ್ತು, ಚುಚ್ಚಿದ ಕಡೆ ನೋವು ಬಹಳ. ಅದರ ಪರಿಣಾಮ ಕುಂದಿದ್ದರಿಂದ ಈಗ ಕೊಡುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದನ್ನು ಸಿದ್ಧಪಡಿಸುವ ಕೆಲಸದಲ್ಲಿವೆ. ಅದು ಬಂದಾಗಲೂ ಮೊದಲ ಹಕ್ಕು ದರಗು ಗುಡಿಸುವವರದ್ದೇ ಆಗಬೇಕು.

ಮಂಗಗಳ ಬಗ್ಗೆ ಒಂದು ಮಾತು. ರೋಗಕ್ಕೆ ಅವುಗಳ ಹೆಸರು ಅಂಟಿಕೊಂಡಿರುವುದರಿಂದ ತಪ್ಪಿತಸ್ಥರೂ ಅವೇ ಎಂಬ ಭಾವನೆ ಇದೆ. ಅಡಿಕೆ, ಬಾಳೆ, ಏಲಕ್ಕಿ ಕಳೆದುಕೊಂಡು ಮೊದಲೇ ಮಂಗನ ಮೇಲೆ ಸಿಟ್ಟಿರುವ ಕೃಷಿಕರಿಗೆ ಇದೊಂದು ಹೊಸ ಕಾರಣವಾಗುತ್ತದೆ. ನಿಜವಾಗಿ ಮುಸುವ ಮತ್ತು ಕೆಂಪು ಮೋರೆಯ ಮಂಗ ಎರಡೂ ನಮ್ಮ ಹಾಗೆಯೇ ರೋಗಕ್ಕೆ ತುತ್ತಾಗುವ ಪ್ರಾಣಿಗಳು, ನಮಗಿಂತ ಬೇಗ ಸಾಯುವಂಥವು. ಮಂಗ ಸತ್ತು ದೇಹ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಆ ಜಾಗದಲ್ಲೇ ಹರಡುತ್ತವೆ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವುದು ಇದೇ ಕಾರಣಕ್ಕೆ. ಆದ್ದರಿಂದ ಚಾರಣದ ದಾರಿಯಲ್ಲಿ ಮಂಗದ ಶವ ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯುವ ಬದಲು, ನಿಂತಲ್ಲಿಂದಲೇ ಫೋನಿನಲ್ಲಿ ಜಾಗದ ಗುರುತು ಉಳಿಸಿಕೊಂಡು, ಹತ್ತಿರದ ಅರಣ್ಯ ಕಚೇರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿದರೆ ಆ ಊರಿಗೆ ದೊಡ್ಡ ಉಪಕಾರ. ಹಾಗೆಂದು ಮಂಗ ಸತ್ತ ಸುದ್ದಿ ಇಲ್ಲದಿದ್ದರೆ ಎಲ್ಲವೂ ಕ್ಷೇಮ ಎಂದು ತಿಳಿಯಲಾಗದು. ದಟ್ಟ ಕಾಡಿನೊಳಗೆ ಸತ್ತ ಮಂಗವನ್ನು ಯಾರೂ ನೋಡಿರುವುದಿಲ್ಲ. ಇನ್ನು ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು, ಬಾಳೆಹಣ್ಣು ಎಸೆಯುವ ಅಭ್ಯಾಸವಂತೂ ಯಾವ ಲೆಕ್ಕದಲ್ಲೂ ಒಳ್ಳೆಯದಲ್ಲ. ಮಂಗಗಳು ದಿನವಿಡೀ ಜನ ಓಡಾಡುವ ಜಾಗದಲ್ಲೇ ಗುಂಪುಗೂಡಿದರೆ ಅವುಗಳ ಮೈಯ ಉಣುಗು ಉದುರುವುದೂ ಅಲ್ಲಿಯೇ.

ಹೋಂಸ್ಟೇ ನಡೆಸುವವರ ಸಂಕಟ ನನಗೆ ಅರ್ಥವಾಗುತ್ತದೆ. ಮಂಗನ ಕಾಯಿಲೆ ಎಂಬ ಮಾತು ಎತ್ತಿದರೆ ಬುಕಿಂಗ್ ರದ್ದಾಗುತ್ತದೆ, ಅಡಿಕೆಯ ಬೆಲೆ ಬಿದ್ದ ವರ್ಷ ಅದೇ ಮನೆಯ ಆದಾಯ. ಆದರೆ ಏನೂ ಹೇಳದೆ ಅತಿಥಿಗಳನ್ನು ತೋಟದಾಚೆಯ ಕಾಡಿಗೆ ಕಳುಹಿಸುವುದಕ್ಕಿಂತ, ಹೊರಡುವ ಮುಂಚೆ ಕಾಲುಚೀಲ ಕೊಟ್ಟು, ಮರಳಿದ ಮೇಲೆ ಹಂಡೆಯ ಬಿಸಿನೀರು ತೋರಿಸಿ, ಮೈ ನೋಡಿಕೊಳ್ಳಿ ಎಂದು ಹೇಳುವ ಮನೆಯವರ ಮೇಲೆ ಯಾವ ಅತಿಥಿಗೂ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಾನು ನೋಡಿದ ಬಹುತೇಕ ಚಾರಣ ದಾರಿಗಳ ಆರಂಭದಲ್ಲಿರುವ ಫಲಕಗಳು ಪ್ಲಾಸ್ಟಿಕ್, ಮದ್ಯ, ಬೆಂಕಿ, ಕಾಡುಪ್ರಾಣಿಗಳ ಬಗ್ಗೆ ಎಚ್ಚರಿಸುತ್ತವೆ; ಉಣುಗಿನ ಹೆಸರು ಅಲ್ಲಿ ಇರುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಕಿಕ್ಕಿರಿದ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ ತಂದಿತು. ಅಂದರೆ ಯಾರು, ಯಾವ ದಿನ, ಯಾವ ಕಾಡಿಗೆ ಹೋದರು ಎಂಬ ವಿವರ ಫೋನ್ ಸಂಖ್ಯೆಯ ಸಮೇತ ಈಗ ಇದೆ. ಹೋಗುವ ಮುನ್ನಾದಿನ ಒಂದು ಸಂದೇಶ, ಬಂದ ವಾರದ ನಂತರ ಜ್ವರವಿದ್ದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ತಿಳಿಸಿ ಎಂಬ ಇನ್ನೊಂದು ಸಂದೇಶ ಕಳುಹಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಎರಡನೆಯ ಸಂದೇಶ ಮೊದಲನೆಯದಕ್ಕಿಂತ ಮುಖ್ಯ ಎಂದು ನಾನು ಹೇಳುವುದು ರೋಗದ ಸ್ವಭಾವದಿಂದಾಗಿ. ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನ ಏನೂ ಆಗುವುದಿಲ್ಲ. ತೀರ್ಥಹಳ್ಳಿಯ ಅಥವಾ ಸಿದ್ದಾಪುರದ ಹಳ್ಳಿಯಲ್ಲಿ ಒಬ್ಬರಿಗೆ ಫೆಬ್ರವರಿಯಲ್ಲಿ ಚಳಿಜ್ವರ ಬಂದರೆ ಪಕ್ಕದ ಮನೆಯವರೇ ರಕ್ತ ಪರೀಕ್ಷೆ ಮಾಡಿಸು ಎನ್ನುತ್ತಾರೆ, ಆರೋಗ್ಯ ಕೇಂದ್ರದವರು ಮಾದರಿ ತೆಗೆದು ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಪ್ರವಾಸಿಯಾದರೋ ಆ ಹೊತ್ತಿಗೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ತನ್ನ ಕೆಲಸಕ್ಕೆ ಮರಳಿರುತ್ತಾನೆ. ಇದ್ದಕ್ಕಿದ್ದಂತೆ ನಡುಕದೊಂದಿಗೆ ಜ್ವರ ಏರುತ್ತದೆ, ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡ ಹಿಂಡಿದಂತಾಗುತ್ತದೆ, ಕಣ್ಣು ಕೆಂಪಾಗುತ್ತದೆ, ವಾಂತಿ ಭೇದಿ ಆಗಬಹುದು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಕಡಿಮೆ ಇರುತ್ತದೆ. ನಗರದ ವೈದ್ಯರಿಗೆ ಇದು ಡೆಂಗಿಯ ಚಿತ್ರ. ಡೆಂಗಿ ಪರೀಕ್ಷೆ ಇಲ್ಲ ಎಂದು ಬಂದರೆ ಯಾವುದೋ ವೈರಲ್ ಜ್ವರ ಎಂದು ಮಾತು ಮುಗಿಯುತ್ತದೆ. ಅವರ ತಪ್ಪೇನಿಲ್ಲ, ಏಕೆಂದರೆ ಕಳೆದ ವಾರಾಂತ್ಯ ಕಾಡಿನಲ್ಲಿ ಮಲಗಿದ್ದೆ ಎಂಬುದನ್ನು ರೋಗಿ ಹೇಳಿರುವುದಿಲ್ಲ. ಕಚ್ಚಿದ್ದೇ ಗೊತ್ತಿಲ್ಲದವನಿಗೆ ಅದು ಹೇಳಬೇಕಾದ ಸಂಗತಿ ಎಂದು ಹೊಳೆಯುವುದೂ ಇಲ್ಲ.

ಹೇಳಿದರೆ ಏನು ಬದಲಾಗುತ್ತದೆ ಎಂದು ಕೇಳುವವರಿದ್ದಾರೆ, ಏಕೆಂದರೆ ಮಂಗನ ಕಾಯಿಲೆಯ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಬದಲಾಗುವುದು ಬಹಳವಿದೆ. ಮೊದಲನೆಯದಾಗಿ, ಜ್ವರದ ಆರಂಭದ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಎಲಿಸಾ ಪರೀಕ್ಷೆಯಿಂದ ರೋಗವನ್ನು ಗುರುತಿಸಬಹುದು. ಗುರುತಿಸಿದರೆ ರಕ್ತದೊತ್ತಡ, ನೀರಿನಂಶ, ಪ್ಲೇಟ್‌ಲೆಟ್‌ಗಳ ಮೇಲೆ ಆಸ್ಪತ್ರೆಯಲ್ಲಿ ಕಣ್ಣಿಡುತ್ತಾರೆ, ಮತ್ತು ಬದುಕಿಸುವುದು ಆ ಆರೈಕೆಯೇ. ಎರಡನೆಯದು ನೋವಿನ ಮಾತ್ರೆಯ ವಿಷಯ. ಈ ಜ್ವರದ ಮೈಕೈ ನೋವು ಎಷ್ಟು ತೀವ್ರವೆಂದರೆ ರೋಗಿ ತಾನೇ ಅಂಗಡಿಗೆ ಹೋಗಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗುತ್ತಾನೆ. ಮೂಗು, ಒಸಡು, ಕರುಳಿನಲ್ಲಿ ರಕ್ತಸ್ರಾವ ಆಗಬಹುದಾದ ರೋಗದಲ್ಲಿ ಇವು ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಮೂರನೆಯದು ಅಷ್ಟಾಗಿ ಗೊತ್ತಿರದ ಸಂಗತಿ: ಜ್ವರ ಬಿಟ್ಟು, ಒಂದೆರಡು ವಾರ ಚೆನ್ನಾಗಿದ್ದು, ಕೆಲಸಕ್ಕೂ ಹೋಗತೊಡಗಿದ ಮೇಲೆ ನೂರಕ್ಕೆ 10ರಿಂದ 20 ಜನರಿಗೆ ಜ್ವರ ಎರಡನೆಯ ಸಲ ಬರುತ್ತದೆ. ಆಗ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳಬಹುದು. ಮೊದಲ ಜ್ವರದ ಹೆಸರು ಗೊತ್ತಿದ್ದವರು ಆ ದಿನ ತಡಮಾಡದೆ ಆಸ್ಪತ್ರೆಗೆ ಓಡುತ್ತಾರೆ. ಗೊತ್ತಿಲ್ಲದವರು ತಲೆನೋವಿನ ಮಾತ್ರೆ ತೆಗೆದುಕೊಂಡು ಮಲಗುತ್ತಾರೆ.

ಇನ್ನೊಂದು ಕಾರಣವೂ ಇದೆ, ಮತ್ತು ಅದು ಮಲೆನಾಡಿಗೆ ಮಾತ್ರ ಸೀಮಿತವಲ್ಲ. ಕಾಡಿನಿಂದ ಬಂದ ಜ್ವರಗಳೆಲ್ಲ ಮಂಗನ ಕಾಯಿಲೆಯಲ್ಲ. ಉಣುಗಿನಿಂದ ಬರುವ ಟಿಕ್ ಟೈಫಸ್, ಉಣುಗಲ್ಲದ ಚಿಗ್ಗರ್ ಎಂಬ ಸೂಕ್ಷ್ಮ ನುಸಿಯ ಮರಿಯಿಂದ ಬರುವ ಸ್ಕ್ರಬ್ ಟೈಫಸ್ ಎರಡೂ ಕರ್ನಾಟಕದಲ್ಲಿವೆ. ಎರಡನೆಯದಂತೂ ಕಾಡಿಗೇ ಹೋಗಬೇಕೆಂದಿಲ್ಲ, ಪೊದೆ ಬೆಳೆದ ಹೊಲದ ಬದುವಿನಲ್ಲೂ ತಗುಲುತ್ತದೆ. ಇವನ್ನು ತರುವುದು ವೈರಾಣುವಲ್ಲ, ಒಂದು ಬಗೆಯ ಬ್ಯಾಕ್ಟೀರಿಯಾ. ಆದ್ದರಿಂದ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಜ್ವರ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಇಳಿಯುತ್ತದೆ, ಆದರೆ ವೈರಲ್ ಜ್ವರವೆಂದು ಸುಮ್ಮನಿದ್ದರೆ ಶ್ವಾಸಕೋಶ, ಮೂತ್ರಪಿಂಡಗಳವರೆಗೆ ಹೋಗಿ ಪ್ರಾಣಕ್ಕೆ ಎರವಾಗುತ್ತದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಾಣುವ, ನೋವಿಲ್ಲದ ಕಪ್ಪು ಹಕ್ಕಳೆಯೊಂದು ಕೆಲವರಲ್ಲಿ ಇರುತ್ತದೆ. ಅದು ಇರುವುದು ಹೆಚ್ಚಾಗಿ ಕಂಕುಳಿನಲ್ಲಿ, ತೊಡೆಸಂದಿನಲ್ಲಿ, ಸೊಂಟದ ಪಟ್ಟಿಯ ಅಡಿಯಲ್ಲಿ, ಅಂದರೆ ರೋಗಿ ತಾನಾಗಿ ತೋರಿಸದ ಮತ್ತು ವೈದ್ಯರು ಕೇಳದೆ ನೋಡದ ಜಾಗಗಳಲ್ಲಿ. ಕಾಡಿಗೆ ಹೋಗಿದ್ದೆ ಎಂಬ ಮಾತು ಕಿವಿಗೆ ಬಿದ್ದರೆ ಅವರು ಅದನ್ನು ಹುಡುಕುತ್ತಾರೆ. ಆದ್ದರಿಂದ ಚಾರಣ ಮುಗಿಸಿ ಬಂದ ದಿನವೇ ಹೋದ ಜಾಗದ ಹೆಸರು, ತಾಲ್ಲೂಕು ಮತ್ತು ತಾರೀಖನ್ನು ಫೋನಿನಲ್ಲಿ ಬರೆದಿಟ್ಟು ಮನೆಯವರಿಗೂ ಕಳುಹಿಸಿಡಿ. ಜ್ವರ 103 ಡಿಗ್ರಿ ಇರುವಾಗ ಹೊಸನಗರವೋ ಹೊನ್ನಾವರವೋ ಎಂದು ನೆನಪಿಸಿಕೊಂಡು ಹೇಳುವುದು ಅಷ್ಟು ಸುಲಭವಲ್ಲ.